ನಲ್ಲಿಯ ರಭಸ ಮತ್ತು ನೆರೆಮನೆಯ ಹಕ್ಕು

ನಾಗಸಂದ್ರದ ಸಹೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಹದಿನಾಲ್ಕು ಅಂತಸ್ತುಗಳ ಕಟ್ಟಡದಲ್ಲಿ ಅವರದು ಮೊದಲ ಮಹಡಿಯ ಬಾಡಿಗೆ ಮನೆ. ನಾದಿನಿಯ ನಿಕಾಹ್‌ಗೆಂದು ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದು ಬಾಗಿಲು ತೆರೆದರೆ ಮನೆಯಿಡೀ ನೀರು. ಅಡುಗೆ ಮನೆಯ ಸಿಂಕಿನ ಕೆಳಗಿದ್ದ ಕನೆಕ್ಷನ್ ಪೈಪ್ ಒಡೆದಿತ್ತು. ನೆಲದ ಮೇಲಿದ್ದ ಹಾಸಿಗೆಗಳು, ಮಕ್ಕಳ ಶಾಲೆಯ ಪುಸ್ತಕಗಳು, ಕಪಾಟಿನ ಕೆಳಗಿನ ಖಾನೆಯ ಬಟ್ಟೆಗಳು ಎಲ್ಲವೂ ನೆನೆದು ಹೋಗಿದ್ದವು. ಕೆಳಗಿನ ಮನೆಯವರ ಛಾವಣಿಯಿಂದಲೂ ನೀರಿಳಿದು ಅವರ ಮರದ ಕಪಾಟು ಉಬ್ಬಿದೆ. ಒಂದು ವರ್ಷದಲ್ಲಿ ಹೀಗೆ ಪೈಪ್ ಒಡೆದದ್ದು ಇದು ಮೂರನೇ ಸಲವಂತೆ. ಮೊದಲೆರಡು ಸಲ ಮನೆಯಲ್ಲಿ ಜನರಿದ್ದುದರಿಂದ ಬಚಾವಾದರು.

ಸಹೋದರಿ ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ. ಪದೇ ಪದೇ ಹೀಗೇಕೆ ಆಗುತ್ತದೆ? ಮನೆಯ ಮುಖ್ಯ ವಾಲ್ವನ್ನು ಅರ್ಧ ಮುಚ್ಚಿದರೆ ಸಾಕು ಎನ್ನುತ್ತಾರೆ ಯಜಮಾನರು, ಅದು ಸರಿಯೇ? ಕೆಳಗಿನ ಮನೆಯವರ ನಷ್ಟಕ್ಕೆ ದೀನಿನ ದೃಷ್ಟಿಯಲ್ಲಿ ನಾವು ಹೊಣೆಯೇ?

ನೀರು ಬರುವುದಿಲ್ಲ ಎಂಬ ದೂರನ್ನು ಕೇಳಿ ಕೇಳಿ ಅಭ್ಯಾಸವಾದ ನಮಗೆ ನೀರು ಜೋರಾಗಿ ಬರುತ್ತದೆ ಎಂಬ ದೂರು ವಿಚಿತ್ರವಾಗಿ ಕಾಣಬಹುದು. ಅದೂ ನಾಗಸಂದ್ರದಂತಹ ಜಾಗದಿಂದ! ದಾಸರಹಳ್ಳಿ ನಗರಸಭೆಯಲ್ಲಿದ್ದ ಈ ಪ್ರದೇಶ 2007ರಲ್ಲಿ ಬೆಂಗಳೂರು ಮಹಾನಗರದೊಳಗೆ ಬಂತು. ಕೊಳವೆ ಬಾವಿ ಮತ್ತು ಟ್ಯಾಂಕರ್‌ಗಳನ್ನೇ ನಂಬಿದ್ದ ಸುತ್ತಲಿನ ಬಡಾವಣೆಗಳಿಗೆ ಕಾವೇರಿ ಸುಲಭವಾಗಿ ಬರಲಿಲ್ಲ. 2015ರ ಮೇ ತಿಂಗಳಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂದ ಮೇಲೆ ತುಮಕೂರು ರಸ್ತೆಯ ಎರಡೂ ಬದಿಗೆ ಎತ್ತರದ ಕಟ್ಟಡಗಳು ಹೆಚ್ಚಾದವು. ಈಗ ಒಂದೇ ಕಟ್ಟಡದಲ್ಲಿ ಎರಡು ದೂರುಗಳಿವೆ. ಮೇಲಿನ ಮಹಡಿಯವರ ಷವರ್‌ನಲ್ಲಿ ನೀರು ತೊಟ್ಟಿಕ್ಕುತ್ತದೆ. ಕೆಳಗಿನ ಮಹಡಿಯವರ ನಲ್ಲಿ ತಿರುಗಿಸಿದರೆ ಪಾತ್ರೆಯಲ್ಲಿ ಬಿದ್ದ ನೀರು ಮುಖಕ್ಕೆ ಹಾರುತ್ತದೆ. ಇಬ್ಬರಿಗೂ ನೀರು ಬರುವುದು ಒಂದೇ ಟ್ಯಾಂಕಿನಿಂದ.

ಕಾರಣ ಬಹಳ ಸರಳ. ನೀರಿಗೆ ಭಾರವಿದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಹಾಕುತ್ತದೆ. ಪ್ಲಂಬರ್‌ಗಳು ಇದನ್ನು 'ಒಂದು ಕೆಜಿ ಪ್ರೆಶರ್' ಎನ್ನುತ್ತಾರೆ. ಗೀಸರಿನ ಮೇಲೆ 'ಬಾರ್' ಎಂದು ಬರೆದಿರುತ್ತದೆ. ಮನೆಯ ಲೆಕ್ಕಕ್ಕೆ ಎರಡೂ ಒಂದೇ ಎಂದು ತಿಳಿದರೆ ತಪ್ಪಿಲ್ಲ. ಪೈಪ್ ದಪ್ಪವಿರಲಿ, ಸಣ್ಣದಿರಲಿ, ಟ್ಯಾಂಕ್ ದೊಡ್ಡದಿರಲಿ, ಚಿಕ್ಕದಿರಲಿ, ನೀರು ನಿಂತಿರುವಾಗ ಒತ್ತಡವನ್ನು ನಿರ್ಧರಿಸುವುದು ಎತ್ತರ ಮಾತ್ರ.

ಸಹೋದರಿಯ ಮನೆಯ ಲೆಕ್ಕ ಹಾಕೋಣ. ಒಂದು ಅಂತಸ್ತಿಗೆ ಮೂರು ಮೀಟರ್ ಹಿಡಿದರೆ ಹದಿನಾಲ್ಕು ಅಂತಸ್ತಿಗೆ 42 ಮೀಟರ್. ತಾರಸಿಯ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಸುಮಾರು 45 ಮೀಟರ್. ಮೊದಲ ಮಹಡಿಯ ನಲ್ಲಿ ನೆಲದಿಂದ 4 ಮೀಟರ್ ಎತ್ತರದಲ್ಲಿದೆ. ಉಳಿದ 41 ಮೀಟರ್ ನೀರಿನ ಭಾರ ಅವರ ನಲ್ಲಿಯ ಮೇಲಿದೆ, ಅಂದರೆ ನಾಲ್ಕು ಕೆಜಿಗೂ ಸ್ವಲ್ಪ ಹೆಚ್ಚು. ಅದೇ ಕಟ್ಟಡದ ಮೇಲ್ತುದಿಯ ಮನೆಗೆ ಸಿಗುವುದು ಅರ್ಧ ಕೆಜಿ. ಮನೆ ಬಳಕೆಗೆ ಒಂದೂವರೆಯಿಂದ ಮೂರು ಕೆಜಿ ಒತ್ತಡ ಧಾರಾಳ.

ನಾಲ್ಕು ಕೆಜಿಗೆ ಒಳ್ಳೆಯ ಪೈಪ್ ಒಡೆಯುವುದಿಲ್ಲ ಎಂದು ಕಟ್ಟಡದವರು ಹೇಳಿದರೆ ಅದು ನಿಜವೇ. ಗೋಡೆಯೊಳಗಿನ ಸಿಪಿವಿಸಿ ಪೈಪ್ ತಣ್ಣೀರಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಒತ್ತಡವನ್ನು ತಾಳುತ್ತದೆ. ಸೋಲುವುದು ಸರಪಳಿಯ ದುರ್ಬಲ ಕೊಂಡಿಗಳು: ವಾಷರ್, ಫ್ಲಶ್ ಟ್ಯಾಂಕಿನ ಒಳಗಿನ ವಾಲ್ವ್, ಸಿಂಕಿನ ಕೆಳಗಿನ ಕನೆಕ್ಷನ್ ಪೈಪ್, ನಮ್ಮ ಮನೆಗಳಲ್ಲಿ ಖಂಡಿತ ಇರುವ ಹೆಲ್ತ್ ಫಾಸೆಟ್‌ನ ಪೈಪ್. ಹೊರಗೆ ಉಕ್ಕಿನ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿರುವುದು ರಬ್ಬರ್ ಕೊಳವೆ. ಹಗಲಿರುಳು ಒತ್ತಡದಲ್ಲಿ ನಿಂತು ಅದು ಮುಪ್ಪಾಗುತ್ತದೆ.

ಇದರ ಮೇಲೆ ಇನ್ನೊಂದು ಹೊಡೆತವಿದೆ. ವಾಷಿಂಗ್ ಮೆಷಿನ್ ನೀರು ತುಂಬಿಸಿಕೊಂಡು ನಿಲ್ಲಿಸಿದಾಗ ಗೋಡೆಯೊಳಗೆ 'ಟಕ್' ಎಂಬ ಸದ್ದು ಕೇಳಿದ್ದೀರಾ? ಓಡುತ್ತಿದ್ದ ನೀರನ್ನು ಹಠಾತ್ತನೆ ತಡೆದಾಗ ಅದರ ವೇಗವೆಲ್ಲ ಒತ್ತಡವಾಗಿ ಮಾರ್ಪಟ್ಟು ಪೈಪಿನುದ್ದಕ್ಕೂ ಹಿಂದಕ್ಕೆ ಬಡಿಯುತ್ತದೆ. ರಶ್ಯದ ವಿಜ್ಞಾನಿ ಝುಕೋವ್‌ಸ್ಕಿ 19ನೇ ಶತಮಾನದ ಕೊನೆಯಲ್ಲಿ ಮಾಸ್ಕೋದ ನೀರಿನ ಕೊಳವೆಗಳಲ್ಲಿ ಇದನ್ನು ಪರೀಕ್ಷಿಸಿ ಲೆಕ್ಕ ಕೊಟ್ಟರು. ಆ ಲೆಕ್ಕದಂತೆ, ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಕಬ್ಬಿಣದ ಪೈಪಿನಲ್ಲಿ ಒಮ್ಮೆಲೇ ನಿಂತರೆ ಕ್ಷಣಕಾಲ ಹತ್ತು ಹನ್ನೆರಡು ಕೆಜಿ ಒತ್ತಡ ಹೆಚ್ಚುತ್ತದೆ. ಪ್ಲಾಸ್ಟಿಕ್ ಪೈಪ್ ಸ್ವಲ್ಪ ಬಾಗುವುದರಿಂದ ಹೊಡೆತ ಕಡಿಮೆ, ಆದರೆ ಇಲ್ಲವೆಂದಲ್ಲ. ಹಳೆಯ ಹಿತ್ತಾಳೆ ನಲ್ಲಿಗಳನ್ನು ಮೂರು ನಾಲ್ಕು ಸುತ್ತು ತಿರುಗಿಸಬೇಕಿತ್ತು, ನೀರು ಮೆಲ್ಲನೆ ನಿಲ್ಲುತ್ತಿತ್ತು. ಈಗಿನ ಲಿವರ್ ನಲ್ಲಿಗಳು ಒಂದೇ ತಟ್ಟಿಗೆ ಮುಚ್ಚುತ್ತವೆ. ಮಕ್ಕಳಿಗೆ ಮೆಲ್ಲಗೆ ಮುಚ್ಚಲು ಕಲಿಸುವುದು ಖರ್ಚಿಲ್ಲದ ಉಪಾಯ.

ಇನ್ನು ಯಜಮಾನರ ಅರ್ಧ ವಾಲ್ವ್. ಬೆಂಗಳೂರಿನ ಅನೇಕ ಪ್ಲಂಬರ್‌ಗಳೂ ಹೀಗೆಯೇ ಹೇಳುತ್ತಾರೆ, ಮಾಡಿಯೂ ಹೋಗುತ್ತಾರೆ. ಆ ಕ್ಷಣಕ್ಕೆ ನಲ್ಲಿಯ ರಭಸ ತಗ್ಗಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಅರ್ಧ ಮುಚ್ಚಿದ ವಾಲ್ವ್ ತಡೆಯುವುದು ಹರಿಯುವ ನೀರನ್ನು ಮಾತ್ರ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಮಲಗಿದಾಗ ನೀರು ಹರಿಯುವುದಿಲ್ಲ, ಆದರೆ ಆ ಸಣ್ಣ ಕಿಂಡಿಯ ಮೂಲಕವೇ ಒತ್ತಡ ಈಚೆಗೆ ದಾಟಿ ಸ್ವಲ್ಪ ಹೊತ್ತಿನಲ್ಲಿ ಎರಡೂ ಕಡೆ ಸಮನಾಗುತ್ತದೆ. ಕನೆಕ್ಷನ್ ಪೈಪಿನ ಮೇಲೆ ಮತ್ತೆ ಅದೇ ನಾಲ್ಕು ಕೆಜಿ. ಪೈಪ್‌ಗಳು ಹೆಚ್ಚಾಗಿ ಒಡೆಯುವುದು ರಾತ್ರಿ ಅಥವಾ ಮನೆಯಲ್ಲಿ ಯಾರೂ ಇಲ್ಲದಾಗ ಎಂದು ಜನ ಹೇಳುವುದರಲ್ಲಿ ಅರ್ಥವಿದೆ. ಮೇಲಾಗಿ, ಗೇಟ್ ವಾಲ್ವನ್ನು ವರ್ಷಗಟ್ಟಲೆ ಅರ್ಧಕ್ಕೆ ಬಿಟ್ಟರೆ ಒಳಗಿನ ತಟ್ಟೆ ಸವೆದು, ಬೇಕಾದಾಗ ಪೂರ್ತಿ ಮುಚ್ಚದ ಸ್ಥಿತಿಗೆ ಬರುತ್ತದೆ. ವಾಲ್ವ್ ಒಂದೋ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಮೂರು ದಿನ ಊರಿಗೆ ಹೋಗುವಾಗ ಪೂರ್ತಿ ಮುಚ್ಚಬೇಕು.

ನಿಜವಾದ ಪರಿಹಾರಕ್ಕೆ ಪಿಆರ್‌ವಿ ಎನ್ನುತ್ತಾರೆ. ಒತ್ತಡ ತಗ್ಗಿಸುವ ವಾಲ್ವ್. ಅದರೊಳಗೆ ಒಂದು ಸ್ಪ್ರಿಂಗ್ ಮತ್ತು ಒಂದು ರಬ್ಬರ್ ಪರದೆ ಇರುತ್ತದೆ. ಮನೆಯ ಕಡೆಯ ಒತ್ತಡ ನಾವು ನಿಗದಿಪಡಿಸಿದ ಮಟ್ಟಕ್ಕೆ ಬಂದೊಡನೆ ನೀರು ಪರದೆಯನ್ನು ತಳ್ಳಿ ಬಾಗಿಲು ಮುಚ್ಚಿಸುತ್ತದೆ. ನಲ್ಲಿ ತೆರೆದು ಒತ್ತಡ ಇಳಿದೊಡನೆ ಸ್ಪ್ರಿಂಗ್ ಬಾಗಿಲನ್ನು ತೆರೆಯುತ್ತದೆ. ನೀರು ಹರಿಯಲಿ, ನಿಲ್ಲಲಿ, ಒತ್ತಡ ಅದರ ಮಿತಿಯಲ್ಲೇ ಉಳಿಯುತ್ತದೆ. ವಾಲ್ವಿನ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇರಬೇಕು. ಅದಕ್ಕಿಂತ ಮೊದಲು ಒಂದು ಜಾಲರಿ ಫಿಲ್ಟರ್, ನಂತರ ಒಂದು ಗೇಜ್ ಬೇಕು. ಗೇಜ್ ಇಲ್ಲದೆ ಪಿಆರ್‌ವಿ ಹಾಕಿಸುವುದೆಂದರೆ ತಕ್ಕಡಿಯಿಲ್ಲದೆ ಅಕ್ಕಿ ಕೊಂಡಂತೆ. ಎಲ್ಲ ನಲ್ಲಿಗಳನ್ನು ಮುಚ್ಚಿ ಗೇಜ್ ನೋಡಿ ಎರಡು ಅಥವಾ ಎರಡೂವರೆ ಕೆಜಿಗೆ ನಿಲ್ಲಿಸಿದರೆ ಸಾಕು. ಕೊಳವೆ ಬಾವಿಯ ಗಡಸು ನೀರಿರುವ ಕಡೆ ಜಾಲರಿಯಲ್ಲಿ ಸುಣ್ಣ, ಮರಳು ಕೂರುತ್ತದೆ. ಕೆಲವು ತಿಂಗಳಿಗೊಮ್ಮೆ ತೊಳೆಯದಿದ್ದರೆ ಪಿಆರ್‌ವಿ ಕೆಟ್ಟಿತು ಎಂಬ ಅಪವಾದ ಬರುತ್ತದೆ. ಎತ್ತರದ ಕಟ್ಟಡಗಳಲ್ಲಿ ಮನೆಗೊಂದರಂತೆ ಹಾಕುವುದಕ್ಕಿಂತ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಕೆಲವು ಮಹಡಿಗಳಿಗೊಂದರಂತೆ ಹಾಕುವುದು ಅಗ್ಗ ಮತ್ತು ಅಚ್ಚುಕಟ್ಟು. ಹಾಗಾಗಿ ಇದು ಅಸೋಸಿಯೇಶನ್ ಮಾಡಬೇಕಾದ ಕೆಲಸ. ನಿಮ್ಮ ಕಟ್ಟಡದಲ್ಲಿ ಈಗಾಗಲೇ ಇದ್ದು ಕೆಟ್ಟಿರಲೂ ಸಾಕು, ಶಾಫ್ಟ್ ತೆರೆಸಿ ನೋಡಿ.

ಇಲ್ಲಿ ನಮ್ಮ ನಾಡಿನದೇ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಆದಿಲ್ ಶಾಹಿ ಸುಲ್ತಾನರು ವಿಜಾಪುರಕ್ಕೆ ತೊರವಿಯ ಕಡೆಯಿಂದಲೂ ಬೇಗಮ್ ತಾಲಾಬಿನಿಂದಲೂ ನೀರು ತಂದರು. ಬೇಗಮ್ ತಾಲಾಬ್ 1651ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದದ್ದು. ಅಲ್ಲಿಂದ ನಗರಕ್ಕೆ ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿ, ಸುತ್ತ ಗಾರೆ ಕಟ್ಟಿದ್ದರು. ಮಣ್ಣಿನ ಕೊಳವೆ ಎಷ್ಟು ಒತ್ತಡ ತಾಳೀತು? ಅದಕ್ಕೆಂದೇ ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ, ತೆರೆದ ಗಾಳಿಗೆ ಬಂದು, ತನ್ನ ರಭಸ ಕಳೆದುಕೊಂಡು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಕೆಸರೂ ಅಲ್ಲೇ ತಳಕ್ಕೆ ಕೂರುತ್ತಿತ್ತು. ಇಸ್ತಂಬೂಲಿನಲ್ಲಿ ಉಸ್ಮಾನಿ ಎಂಜಿನಿಯರ್‌ಗಳೂ ಇದೇ ಉದ್ದೇಶಕ್ಕೆ 'ಸು ತೆರಾಝಿಸಿ', ಅಂದರೆ ನೀರಿನ ತಕ್ಕಡಿ ಎಂಬ ಗೋಪುರಗಳನ್ನು ಕಟ್ಟಿದ್ದರು. ವಿಜಾಪುರದ ಗಂಜ್‌ಗಳಲ್ಲಿ ಕೆಲವು ಈಗಲೂ ನಿಂತಿವೆ. ಗೋಳಗುಮ್ಮಟ ನೋಡಲು ಹೋದವರು ಮಕ್ಕಳಿಗೆ ಅವನ್ನೂ ತೋರಿಸಬೇಕು. ಪಿಆರ್‌ವಿ ಮಾಡುವ ಕೆಲಸವನ್ನು ಅವು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಸ್ಪ್ರಿಂಗ್ ಇಲ್ಲದೆ ಮಾಡಿದ್ದವು. ಇಂದಿಗೂ ಕೆಲವು ಎತ್ತರದ ಕಟ್ಟಡಗಳ ಮಧ್ಯದ ಮಹಡಿಯಲ್ಲಿ ಸಣ್ಣ ಟ್ಯಾಂಕ್ ಇಡುವುದು ಇದೇ ತತ್ವದ ಮೇಲೆ.

ನಾಗಸಂದ್ರದವರಿಗೆ ನೀರಿನ ಎತ್ತರದ ಮಾತು ಹೊಸತಾಗಿರಬಾರದು. ಎಂಟನೇ ಮೈಲಿಯಿಂದ ಹೊರಡುವ ರಸ್ತೆಯ ಹೆಸರೇ ಹೆಸರಘಟ್ಟ ರಸ್ತೆ. 1896ರಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಆ ಕೆರೆಯಿಂದ. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ತಾನಾಗಿ ಹರಿದು ಬಂದ ನೀರನ್ನು ಅಲ್ಲಿ ಹಬೆಯ ಯಂತ್ರಗಳು ಮೇಲೆತ್ತುತ್ತಿದ್ದವು. ಈಗಿನ ಕಾವೇರಿಯಂತೂ ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು ಐನೂರು ಮೀಟರ್ ಮೇಲೇರಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದಿಂದ, ನಗರದ ಸುತ್ತಲಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಸೇರಿತು. ಇಷ್ಟು ವಿದ್ಯುತ್ ಖರ್ಚು ಮಾಡಿ ಮೇಲೆತ್ತಿದ ನೀರು ಒಡೆದ ಪೈಪಿನಿಂದ ಮೋರಿಗೆ ಹೋಗುತ್ತದೆ.

ಬಿಸಿನೀರಿನ ವಿಷಯಕ್ಕೆ ಬರೋಣ. ಇಲ್ಲಿ ನಷ್ಟ ಹಾಸಿಗೆ ಪುಸ್ತಕಗಳಿಗೆ ನಿಲ್ಲುವುದಿಲ್ಲ, ಮಕ್ಕಳ ಮೈಸುಡುವ ಅಪಾಯವಿದೆ. ಹದಿನೈದು ಲೀಟರಿನ ಗೀಸರ್‌ನಲ್ಲಿ ತಣ್ಣೀರು ಕಾಯ್ದು ಅರವತ್ತು ಡಿಗ್ರಿಗೆ ಬರುವಾಗ ನೀರು ಹಿಗ್ಗಿ ಸುಮಾರು ಒಂದು ಲೋಟದಷ್ಟು ಹೆಚ್ಚುತ್ತದೆ. ಆ ಒಂದು ಲೋಟಕ್ಕೆ ಹೋಗಲು ಜಾಗ ಬೇಕು. ಸಾಮಾನ್ಯವಾಗಿ ಅದು ಬಂದ ಪೈಪಿನಲ್ಲೇ ಹಿಂದಕ್ಕೆ ಸರಿದು ಟ್ಯಾಂಕಿನ ಕಡೆಗೆ ಹೋಗುತ್ತದೆ. ಆದರೆ ಪಿಆರ್‌ವಿ ಅಥವಾ ನೀರನ್ನು ಹಿಂದಕ್ಕೆ ಬಿಡದ ಎನ್‌ಆರ್‌ವಿ ಹಾಕಿಸಿದ ಮೇಲೆ ಆ ದಾರಿ ಬಂದ್. ಆಗ ಗೀಸರಿನ ಸೇಫ್ಟಿ ವಾಲ್ವ್ ಒಂದೇ ದಾರಿ. ಅದರಿಂದ ಹನಿ ಬೀಳುತ್ತದೆಂದು ಎಂ-ಸೀಲ್ ಹಚ್ಚಿ ಮುಚ್ಚಿದ ಮನೆಗಳಿವೆ. ಗೀಸರನ್ನು ಬಾಂಬ್ ಮಾಡಲು ಇದಕ್ಕಿಂತ ಹೆಚ್ಚೇನೂ ಬೇಡ. ಹನಿ ಬೀಳಲಿ, ಕೆಳಗೆ ಒಂದು ಸಣ್ಣ ಪೈಪ್ ಹಾಕಿ ಬಚ್ಚಲಿಗೆ ಬಿಡಿ. ದಿನವಿಡೀ ಧಾರೆಯಾಗಿ ಸುರಿದರೆ ಮಾತ್ರ ಒತ್ತಡ ಹೆಚ್ಚಾಗಿದೆ ಅಥವಾ ವಾಲ್ವ್ ಕೆಟ್ಟಿದೆ ಎಂದರ್ಥ. ಬಿಸಿಯಾದಂತೆ ಪೈಪಿನ ಶಕ್ತಿಯೂ ಕುಂದುತ್ತದೆ. ಸಾಧಾರಣ ಉಷ್ಣತೆಯಲ್ಲಿ 28 ಕೆಜಿ ತಾಳುವ ಸಿಪಿವಿಸಿ ಪೈಪ್ 82 ಡಿಗ್ರಿಯಲ್ಲಿ ತಾಳುವುದು 7 ಕೆಜಿ ಮಾತ್ರ.

ಎರಡು ಮೂರು ಅಂತಸ್ತಿನ ಸ್ವಂತ ಮನೆಗಳಲ್ಲಿ ಎತ್ತರದಿಂದ ಬರುವ ಒತ್ತಡ ಒಂದು ಕೆಜಿ ದಾಟುವುದು ಅಪರೂಪ. ಅಲ್ಲಿ ಸಮಸ್ಯೆಯನ್ನು ನಾವೇ ಹಣ ಕೊಟ್ಟು ತರುತ್ತೇವೆ. ಷವರ್‌ನಲ್ಲಿ ಹೋಟೆಲಿನಂತೆ ನೀರು ಬರಲಿ ಎಂದು ತಾರಸಿಯಲ್ಲಿ ಪ್ರೆಶರ್ ಪಂಪ್ ಕೂರಿಸುತ್ತಾರೆ. ಮನೆಯ ಮೇಲೆ ಸೋಲಾರ್ ಇದ್ದರೆ ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಬಹುತೇಕ ಮನೆಗಳ ಸೋಲಾರ್ ಟ್ಯಾಂಕ್ ಒತ್ತಡ ತಾಳುವಂಥದ್ದಲ್ಲ, ಮೇಲೆ ತೆರೆದ ಗಾಳಿ ಕೊಳವೆ ಇರುತ್ತದೆ. ತಣ್ಣೀರಿನ ಪೈಪಿಗೆ ಮಾತ್ರ ಪಂಪ್ ಹಾಕಿದರೆ, ಬಚ್ಚಲಿನ ಮಿಕ್ಸರ್ ನಲ್ಲಿಯಲ್ಲಿ ಬಲವಾದ ತಣ್ಣೀರು ದುರ್ಬಲ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಸ್ನಾನಕ್ಕೆ ಬಿಸಿನೀರು ಬರುವುದಿಲ್ಲ, ತಾರಸಿಯ ಮೇಲೆ ಗಾಳಿ ಕೊಳವೆಯಿಂದ ಬಿಸಿನೀರು ಸುರಿದು ಪೋಲಾಗುತ್ತಿರುತ್ತದೆ. ಮನೆಯವರು ಸೋಲಾರ್ ಕಂಪೆನಿಯನ್ನು ಬೈಯುತ್ತಾರೆ. ಪಂಪನ್ನೇ ಸೋಲಾರ್ ಟ್ಯಾಂಕಿಗೆ ಜೋಡಿಸಿದರೆ ಟ್ಯಾಂಕ್ ಬಿರಿಯುತ್ತದೆ. ಪಂಪ್ ಬೇಕೇ ಬೇಕಿದ್ದರೆ ತಣ್ಣೀರಿಗೂ, ಸೋಲಾರ್‌ನಿಂದ ಹೊರಬರುವ ಬಿಸಿನೀರಿಗೂ ಸಮನಾದ ಒತ್ತಡ ಕೊಡಬೇಕು, ಬಿಸಿನೀರು ತಾಳುವ ಪಂಪ್ ಆಗಿರಬೇಕು, ಮಿಕ್ಸರ್‌ಗೆ ಮುನ್ನ ಎರಡೂ ಪೈಪಿಗೆ ಎನ್‌ಆರ್‌ವಿ ಇರಬೇಕು. ಇಷ್ಟೆಲ್ಲ ಖರ್ಚಿಗಿಂತ ಬಕೆಟ್ ಮತ್ತು ಚೊಂಬು ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ, ಷವರ್ ಪ್ರಿಯರು ಕ್ಷಮಿಸಲಿ.

ಇನ್ನೊಂದು ಪಂಪಿನ ಬಗ್ಗೆ ಅಭಿಪ್ರಾಯಭೇದಕ್ಕೆ ಅವಕಾಶವೇ ಇಲ್ಲ. ಬೀದಿಯ ಕಾವೇರಿ ಪೈಪಿಗೆ ನೇರವಾಗಿ ಮೋಟರ್ ಜೋಡಿಸಿ ನೀರೆಳೆಯುವುದು. ನೀರು ಬಿಡುವ ಸಮಯದಲ್ಲಿ ಒಬ್ಬರು ಎಳೆದರೆ ಪಕ್ಕದ ಮನೆಯ ಸಂಪಿಗೆ ಗಾಳಿ ಮಾತ್ರ ಬರುತ್ತದೆ. ಪೈಪಿನಲ್ಲಿ ಬಿರುಕಿದ್ದರೆ ಎಳೆತಕ್ಕೆ ಸುತ್ತಲಿನ ಕೊಳಚೆಯೂ ಒಳಗೆ ನುಗ್ಗುತ್ತದೆ. 2025ರ ಏಪ್ರಿಲ್‌ನಲ್ಲಿ ಜಲಮಂಡಳಿ ಇದಕ್ಕೆ ಐದು ಸಾವಿರ ರೂಪಾಯಿ ದಂಡ ಘೋಷಿಸಿತು. ದಂಡವಿಲ್ಲದಿದ್ದರೂ ಇತರರಿಗೆ ಹಾನಿ ಮಾಡಬಾರದೆಂಬ ಪ್ರವಾದಿ(ಸ)ಯವರ ಆದೇಶ ನಮಗೆ ಸಾಕಾಗಬೇಕಿತ್ತು. ನೆರೆಯವನ ಪಾಲಿನ ನೀರನ್ನು ಎಳೆದು ಅದರಲ್ಲಿ ವುಝೂ ಮಾಡಿ ನಮಾಝಿಗೆ ನಿಲ್ಲುವುದು ಹೇಗೆ?

ಈಗ ಸಹೋದರಿಯ ಮೂರನೇ ಪ್ರಶ್ನೆ. ಫತ್ವಾ ನೀಡುವುದು ಈ ಅಂಕಣದ ಕೆಲಸವಲ್ಲ, ಅದಕ್ಕೆ ನಿಮ್ಮ ಊರಿನ ಮುಫ್ತಿಗಳಿದ್ದಾರೆ. ಆದರೆ ನಮ್ಮ ಫುಖಹಾಗಳು ಹಾಕಿಕೊಟ್ಟ ಒಂದು ವಿಂಗಡಣೆಯನ್ನು ಹೇಳಬಹುದು. ತನ್ನ ಕೈಯಾರೆ ಹಾನಿ ಮಾಡಿದವನು ಬೇರೆ, ಹಾನಿಗೆ ನಿಮಿತ್ತನಾದವನು ಬೇರೆ. ಮೊದಲನೆಯವನು ಉದ್ದೇಶವಿಲ್ಲದಿದ್ದರೂ ಹೊಣೆಗಾರ. ಎರಡನೆಯವನ ಮೇಲೆ ಹೊಣೆ ಬರಲು ಅವನ ಕಡೆಯಿಂದ ಅತಿಕ್ರಮವೋ ನಿರ್ಲಕ್ಷ್ಯವೋ ಇರಬೇಕು. 19ನೇ ಶತಮಾನದಲ್ಲಿ ಉಸ್ಮಾನಿ ವಿದ್ವಾಂಸರು ಹನಫಿ ಕಾನೂನನ್ನು ಕ್ರೋಡೀಕರಿಸಿದ 'ಮಜಲ್ಲಾ'ದಲ್ಲಿ ಈ ಎರಡೂ ನಿಯಮಗಳು ಅಕ್ಕಪಕ್ಕದಲ್ಲೇ ಇವೆ. ಗೊತ್ತಿಲ್ಲದೆ ಮೊದಲ ಸಲ ಪೈಪ್ ಒಡೆದಿದ್ದರೆ ಮಾತು ಬೇರೆ ಇತ್ತು. ಎರಡು ಸಲ ಒಡೆದದ್ದನ್ನು ಕಂಡ ಮೇಲೂ ವಾಲ್ವ್ ಮುಚ್ಚದೆ ಊರಿಗೆ ಹೋದದ್ದನ್ನು ಏನೆಂದು ಕರೆಯಬೇಕು? ಹಾಗೆಯೇ ದೂರು ಕೊಟ್ಟರೂ ಒತ್ತಡ ಅಳೆಯದ ಅಸೋಸಿಯೇಶನ್‌ಗೂ, ಬಾಡಿಗೆ ಮಾತ್ರ ನೆನಪಿಟ್ಟುಕೊಳ್ಳುವ ಮನೆ ಮಾಲಕರಿಗೂ ಇದರಲ್ಲಿ ಪಾಲಿದೆ. ಮೂವರೂ ಕುಳಿತು ಮಾತಾಡಿ. ಅಲ್ಲಿಯವರೆಗೆ ಕೆಳಗಿನ ಮನೆಯವರ ಬಾಗಿಲು ತಟ್ಟಿ, ಕಪಾಟಿನ ರಿಪೇರಿಗೆ ನಿಮ್ಮ ಕೈಲಾದಷ್ಟನ್ನು ನೀವಾಗಿಯೇ ಕೊಡಿ. ಅವರು ಯಾವ ಧರ್ಮದವರೇ ಆಗಿರಲಿ, ನೆರೆಯವರ ಹಕ್ಕು ಹಕ್ಕೇ.

ಒತ್ತಡಕ್ಕೂ ದುಂದಿಗೂ ನೇರ ಸಂಬಂಧವಿದೆ. ಒತ್ತಡ ನಾಲ್ಕು ಪಟ್ಟಾದರೆ ಅದೇ ನಲ್ಲಿಯಿಂದ ಅದೇ ಸಮಯದಲ್ಲಿ ಬೀಳುವ ನೀರು ಎರಡು ಪಟ್ಟಾಗುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹಝ್ರತ್ ಅನಸ್(ರ) ಹೇಳಿದ್ದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಮುದ್ದ್‌ನ ಅಳತೆಯಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ, ಆದರೆ ಯಾರ ಲೆಕ್ಕದಲ್ಲೂ ಅದು ಒಂದು ಲೀಟರಿನ ಆಸುಪಾಸನ್ನು ದಾಟುವುದಿಲ್ಲ. ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ನಲ್ಲಿಯನ್ನು ಎರಡು ನಿಮಿಷ ತೆರೆದಿಟ್ಟರೆ ಒಬ್ಬರ ವುಝೂಗೆ ಇಪ್ಪತ್ತು ಲೀಟರ್. ಜುಮಾ ದಿನ ಮುನ್ನೂರು ಮಂದಿ ಬಂದರೆ ಆರು ಸಾವಿರ ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಟ್ಯಾಂಕರ್.

2024ರ ಬೇಸಿಗೆಯ ಬರಗಾಲದಲ್ಲಿ, ಮಾರ್ಚ್ ತಿಂಗಳಲ್ಲಿ, ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟ್, ಹೋಟೆಲ್‌ಗಳ ಜೊತೆಗೆ ಧಾರ್ಮಿಕ ಸ್ಥಳಗಳ ಸಾರ್ವಜನಿಕ ನಲ್ಲಿಗಳಿಗೂ ಏರಿಯೇಟರ್ ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ಹಾಕುವ ಸಣ್ಣ ಜಾಲರಿ ಅದು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ಮೃದುವಾಗಿಸುತ್ತದೆ, ಕೈ ಮುಖ ಅಷ್ಟೇ ಚೆನ್ನಾಗಿ ನೆನೆಯುತ್ತದೆ, ನೀರು ಮಾತ್ರ ಅರ್ಧಕ್ಕಿಂತ ಕಡಿಮೆ ಸಾಕು. ಮಸೀದಿಯ ಟ್ಯಾಂಕ್ ಸಾಮಾನ್ಯವಾಗಿ ಒಂದೆರಡು ಮಹಡಿಯ ಮೇಲೆ ಇರುವುದರಿಂದ ವುಝೂಖಾನೆಗೆ ಪಿಆರ್‌ವಿಯ ಅಗತ್ಯ ಬೀಳುವುದಿಲ್ಲ. ಕಡಿಮೆ ಒತ್ತಡದಲ್ಲೂ ನಡೆಯುವ ಏರಿಯೇಟರ್ ಎಂದು ಅಂಗಡಿಯಲ್ಲಿ ಕೇಳಿ ತರಬೇಕು. ಕೊಳವೆ ಬಾವಿಯ ನೀರಾದರೆ ತಿಂಗಳಿಗೊಮ್ಮೆ ಬಿಚ್ಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಫಜ್ರ್‌ಗೆ ಮುನ್ನ ಮತ್ತೆ ತಿರುಗಿಸಿ ಕೂರಿಸಿದರೆ ಸುಣ್ಣ ಕಟ್ಟುವುದಿಲ್ಲ.